ಕಳೆದುಹೋದ ಶ್ರೇಣಿಗೆ ಅರ್ಜಿ ಬರೆಯುವ ಮುನ್ನ ಹುಡುಕಬೇಕಾದ ಕಾಗದ

ಬೆಂಗಳೂರಿನಲ್ಲಿ ವಕೀಲೆಯಾಗಿ ನಾನು ನಡೆಸುವ ಪ್ರಕರಣಗಳಲ್ಲಿ ಹೆಚ್ಚಿನವು ಮಾಜಿ ಸೈನಿಕರವು. ಅವುಗಳಲ್ಲಿ ಪಿಂಚಣಿ ಮತ್ತು ಅಂಗವೈಕಲ್ಯದ ವಿಷಯಗಳೇ ಜಾಸ್ತಿ. ಆದರೆ ಸೇವೆಯಲ್ಲಿದ್ದಾಗ ಶಿಕ್ಷೆಯಾಗಿ ಶ್ರೇಣಿ ಕಳೆದುಕೊಂಡು, ನಿವೃತ್ತಿಯಾದ ಎಷ್ಟೋ ವರ್ಷಗಳ ಬಳಿಕ ಅದನ್ನು ಮರಳಿ ಪಡೆಯಬೇಕೆಂದು ಬರುವವರ ಪ್ರಕರಣಗಳು ನನಗೆ ಕಲಿಸಿದಷ್ಟನ್ನು ಉಳಿದವು ಕಲಿಸಿಲ್ಲ. ಹೀಗೆ ಬರುವವರ ಕೈಯಲ್ಲಿ ಸಾಮಾನ್ಯವಾಗಿ ರಾಷ್ಟ್ರಪತಿಗಳಿಗೂ ರಕ್ಷಣಾ ಸಚಿವರಿಗೂ ಕಳುಹಿಸಿದ ದೀರ್ಘ ಮನವಿಯೊಂದು ಇದ್ದೇ ಇರುತ್ತದೆ. ಅದರಲ್ಲಿ ಸಿಯಾಚಿನ್ ಇರುತ್ತದೆ, ಕಾಶ್ಮೀರದ ಗಸ್ತುಗಳಿರುತ್ತವೆ, ಪದಕಗಳ ಪಟ್ಟಿ ಇರುತ್ತದೆ. ಶ್ರೇಣಿ ಯಾವ ದಿನ, ಯಾರ ಆದೇಶದಿಂದ, ಯಾವ ಕಲಮಿನ ಅಡಿಯಲ್ಲಿ ಹೋಯಿತು ಎಂಬುದು ಮಾತ್ರ ಒಂದು ಸಾಲಿನಲ್ಲಿಯೂ ಇರುವುದಿಲ್ಲ. ಅರ್ಜಿಯನ್ನು ಎಲ್ಲಿ ಹಾಕಬೇಕು, ಯಾವ ಅವಧಿಯೊಳಗೆ ಹಾಕಬೇಕು, ಏನನ್ನು ಪ್ರಶ್ನಿಸಬೇಕು ಎಂಬ ಮೂರೂ ಪ್ರಶ್ನೆಗಳಿಗೆ ಉತ್ತರ ಕೊಡುವುದು ಆ ಒಂದು ಸಾಲೇ.

ಭೂಸೇನೆಯಲ್ಲಿ ಹವಾಲ್ದಾರರೊಬ್ಬರ ಶ್ರೇಣಿ ಹೋಗಲು ಒಂದಕ್ಕಿಂತ ಹೆಚ್ಚು ದಾರಿಗಳಿವೆ. 1950ರ ಸೇನಾ ಕಾಯ್ದೆಯ 71ನೇ ಕಲಂ ಪ್ರಕಾರ ಕೋರ್ಟ್ ಮಾರ್ಷಲ್, ಅಂದರೆ ಸೇನೆಯ ಒಳಗಿನ ನ್ಯಾಯಾಲಯ, ನೇರವಾಗಿ ಶ್ರೇಣಿ ಇಳಿಸುವ ಶಿಕ್ಷೆ ಕೊಡಬಹುದು. ಸೆರೆವಾಸ ಅಥವಾ ವಜಾ ಶಿಕ್ಷೆಯಾದರೆ 77ನೇ ಕಲಂ ಅನ್ವಯ ಆ ವ್ಯಕ್ತಿ ತಾನಾಗಿಯೇ ಸಿಪಾಯಿ ಮಟ್ಟಕ್ಕೆ ಇಳಿದನೆಂದು ಪರಿಗಣಿಸಲಾಗುತ್ತದೆ. ಇನ್ನು 20ನೇ ಕಲಮಿನ 4ನೇ ಉಪಕಲಂ, ಬ್ರಿಗೇಡ್ ಕಮಾಂಡರ್ ಮಟ್ಟಕ್ಕೆ ಕಡಿಮೆಯಿಲ್ಲದ ಅಧಿಕಾರಿಗೆ ಯಾವ ಕೋರ್ಟ್ ಮಾರ್ಷಲ್ ಇಲ್ಲದೆಯೇ ಆಡಳಿತಾತ್ಮಕ ಆದೇಶದ ಮೂಲಕ ಶ್ರೇಣಿ ಇಳಿಸುವ ಅಧಿಕಾರ ಕೊಡುತ್ತದೆ. ಕಮಾಂಡಿಂಗ್ ಅಧಿಕಾರಿ 80ನೇ ಕಲಮಿನಡಿ ಕೊಡುವ ಕಿರು ಶಿಕ್ಷೆಗಳಲ್ಲಿ ಹಂಗಾಮಿ ಶ್ರೇಣಿಯನ್ನು ತೆಗೆಯಲು ಅವಕಾಶವಿದೆಯೇ ಹೊರತು ಕಾಯಂ ಶ್ರೇಣಿಯನ್ನಲ್ಲ. ಆದ್ದರಿಂದ ಶಿಕ್ಷೆಯ ದಿನ ಶ್ರೇಣಿ ಹಂಗಾಮಿಯಾಗಿತ್ತೋ ಕಾಯಂ ಆಗಿತ್ತೋ ಎಂಬ ಒಂದೇ ಪ್ರಶ್ನೆಯ ಮೇಲೆ ಕೆಲವು ಪ್ರಕರಣಗಳು ನಿಲ್ಲುತ್ತವೆ, ಇಲ್ಲವೇ ಬೀಳುತ್ತವೆ.

ಗದಗ ಕಡೆಯ ಹಿರಿಯರೊಬ್ಬರ ಪ್ರಕರಣದ ಆಧಾರದಲ್ಲಿ ಇದನ್ನು ವಿವರಿಸುತ್ತೇನೆ. ಗುರುತು ಸಿಗಬಾರದೆಂದು ಅವರ ಊರು, ರೆಜಿಮೆಂಟು, ವರ್ಷ ಯಾವುದನ್ನೂ ಹೇಳುವುದಿಲ್ಲ. ಹವಾಲ್ದಾರರಾಗಿದ್ದ ಅವರು ತಾಯಿಯ ಕಾಯಿಲೆಗೆಂದು ರಜೆಯ ಮೇಲೆ ಊರಿಗೆ ಬಂದು, ರಜೆ ಮುಗಿದ ಮೇಲೂ ಉಳಿದರು. ಮರಳಿ ಘಟಕಕ್ಕೆ ಹಾಜರಾದಾಗ 39ನೇ ಕಲಮಿನಡಿ ಆರೋಪ ಹೊರಿಸಿ ಸಮರಿ ಕೋರ್ಟ್ ಮಾರ್ಷಲ್, ಅಂದರೆ ಕಮಾಂಡಿಂಗ್ ಅಧಿಕಾರಿಯೊಬ್ಬರೇ ನಡೆಸುವ ಸಂಕ್ಷಿಪ್ತ ವಿಚಾರಣೆ, ನಡೆಸಲಾಯಿತು. ತಪ್ಪೊಪ್ಪಿಗೆ ದಾಖಲಾಯಿತು, ಸಿಪಾಯಿ ಮಟ್ಟಕ್ಕೆ ಇಳಿಸುವ ಶಿಕ್ಷೆಯಾಯಿತು. ಸೇನೆಯಲ್ಲಿ ಸೇವಾವಧಿಯ ಮಿತಿ ಶ್ರೇಣಿಗೆ ತಕ್ಕಂತೆ ಇರುವುದರಿಂದ ಹವಾಲ್ದಾರರಾಗಿ ಇನ್ನೂ ಕೆಲವು ವರ್ಷ ದುಡಿಯಬಹುದಾಗಿದ್ದವರು ಸಿಪಾಯಿಯಾಗಿ ಬೇಗನೇ ಮನೆಗೆ ಬಂದರು. ಪಿಂಚಣಿ ಪಾವತಿ ಆದೇಶದಲ್ಲಿಯೂ ಸಿಪಾಯಿ ಎಂದೇ ಬರೆಯಲಾಯಿತು. 2014ರ ಜುಲೈ 1ರಿಂದ ಅನ್ವಯವಾಗುವಂತೆ ಏಕ ಶ್ರೇಣಿ ಏಕ ಪಿಂಚಣಿ ಜಾರಿಗೆ ಬಂದ ಮೇಲೆ ಈ ನಷ್ಟ ಇನ್ನಷ್ಟು ಎದ್ದು ಕಂಡಿತು. ಆ ಯೋಜನೆಯ ಕೋಷ್ಟಕಗಳು ಶ್ರೇಣಿ ಮತ್ತು ಸೇವಾವಧಿ ಎರಡನ್ನೂ ಆಧರಿಸಿವೆ. ಈ ಹಿರಿಯರಿಗೆ ಎರಡೂ ಕಡೆ ಪೆಟ್ಟು ಬಿದ್ದಿತ್ತು, 2019 ಮತ್ತು 2024ರ ಪರಿಷ್ಕರಣೆಗಳು ಅದೇ ಪೆಟ್ಟನ್ನು ಮುಂದುವರಿಸುವಂತಿದ್ದವು. ಮುಂದೆ ಪತ್ನಿಗೆ ಸಿಗಬೇಕಾದ ಕುಟುಂಬ ಪಿಂಚಣಿಗೂ ಇದೇ ಬುನಾದಿ. ಆದರೂ ಅವರು ನನ್ನ ಮುಂದೆ ಕುಳಿತು ಮೊದಲು ಹೇಳಿದ ಮಾತು, "ರೊಕ್ಕದ ಮಾತು ಆಮ್ಯಾಲ ನೋಡೂಣ್ರಿ ಮೇಡಂ, ನನ್ನ ತೋಳಿನ ಮೂರು ಪಟ್ಟಿ ನನಗ ವಾಪಸ್ ಬರಬೇಕ್ರಿ" ಎಂಬುದು. ಆ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಊರಿನಲ್ಲಿ ಜನ ಅವರನ್ನು ಇಂದಿಗೂ ಹವಾಲ್ದಾರ್ ಎಂದೇ ಕರೆಯುವಾಗ, ಪ್ರತಿ ಬಾರಿಯೂ ಅವರ ಮನಸ್ಸಿಗೆ ಏನಾಗುತ್ತಿತ್ತು ಎಂಬುದನ್ನು ಅವರ ಮಗಳು ಬೇರೆಯಾಗಿ ಬಂದು ನನಗೆ ತಿಳಿಸಿದ್ದರು.

ಇಂಥ ಪ್ರಕರಣ ಎಂದೊಡನೆ ಎಲ್ಲರ ಬಾಯಿಗೂ ಬರುವ ಹೆಸರು ಸಶಸ್ತ್ರ ಪಡೆಗಳ ನ್ಯಾಯಮಂಡಳಿ. 2007ರ ಕಾಯ್ದೆಯಿಂದ ರೂಪುಗೊಂಡು 2009ರಲ್ಲಿ ಕಾರ್ಯಾರಂಭ ಮಾಡಿದ ಈ ಮಂಡಳಿಯಲ್ಲಿ ಕರ್ನಾಟಕದ ವ್ಯಾಜ್ಯಗಳು ಕೊಚ್ಚಿಯ ಪ್ರಾದೇಶಿಕ ಪೀಠದ ವ್ಯಾಪ್ತಿಗೆ ಬರುತ್ತವೆ. ಆದರೆ ಆ ಕಾಯ್ದೆಯ 3ನೇ ಕಲಂ ಸೇವಾ ವಿಷಯಗಳು ಯಾವುವೆಂದು ವಿವರಿಸುವಾಗ ಕೆಲವನ್ನು ಹೊರಗಿಡುತ್ತದೆ. ವಜಾ ಅಥವಾ ಮೂರು ತಿಂಗಳಿಗಿಂತ ಹೆಚ್ಚಿನ ಸೆರೆವಾಸದ ಶಿಕ್ಷೆಯಾಗಿದ್ದರೆ ಬಿಟ್ಟು, ಸಮರಿ ಕೋರ್ಟ್ ಮಾರ್ಷಲ್‌ಗಳು ಹಾಗೆ ಹೊರಗುಳಿದವುಗಳಲ್ಲಿ ಸೇರಿವೆ. ನಮ್ಮ ಹಿರಿಯರಿಗೆ ಆಗಿದ್ದು ಶ್ರೇಣಿ ಇಳಿಕೆ ಮಾತ್ರ. ಅದೇ ಇಳಿಕೆ 20ನೇ ಕಲಮಿನ ಆಡಳಿತಾತ್ಮಕ ಆದೇಶದಿಂದ ಆಗಿದ್ದರೆ ದಾರಿ ಕೊಚ್ಚಿಯ ಕಡೆಗಿರುತ್ತಿತ್ತು. ಸಮರಿ ಕೋರ್ಟ್ ಮಾರ್ಷಲ್‌ನಿಂದ ಆಗಿದ್ದರಿಂದ ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿನಲ್ಲಿ ರಿಟ್ ಅರ್ಜಿ ಸಲ್ಲಿಸುವುದು ಸರಿಯೆಂದು ನಿರ್ಧರಿಸಿದೆವು. ಕಡಿಮೆ ಶಿಕ್ಷೆಯಾದವನಿಗೆ ಮಂಡಳಿಯ ಬಾಗಿಲು ಕಿರಿದಾಗಿರುವ ಈ ವ್ಯವಸ್ಥೆ ನ್ಯಾಯವೆಂದು ನನಗೆ ಅನ್ನಿಸಿಲ್ಲ. ಹವಾಲ್ದಾರನ ಮಟ್ಟಿಗೆ ಶ್ರೇಣಿ ಹೋಗುವುದು ಸಣ್ಣ ಶಿಕ್ಷೆಯಲ್ಲ, ಅದರ ಪರಿಣಾಮ ಅವನ ಜೀವಮಾನದ ಆಚೆಗೂ ಚಾಚುತ್ತದೆ. ಕಾನೂನು ಹಾಗಿದೆ, ತಿದ್ದುವುದು ಸಂಸತ್ತಿನ ಕೆಲಸ. ಅರ್ಜಿ ಬರೆಯುವವರು ಅದನ್ನು ಮೊದಲೇ ಓದಿಕೊಂಡಿರಬೇಕು, ಏಕೆಂದರೆ ತಪ್ಪು ಜಾಗದಲ್ಲಿ ಹೂಡಿದ ಪ್ರಕರಣ ವರ್ಷಗಳ ನಂತರ ಹೊರಬಿದ್ದಾಗ ಕಕ್ಷಿದಾರರಿಗೆ ವಯಸ್ಸಾಗಿರುತ್ತದೆ.

ಎರಡನೆಯ ಅಡ್ಡಿ ವಿಳಂಬ. ಇದೇ ಎಲ್ಲಕ್ಕಿಂತ ಕಠಿಣವಾದುದು. 2008ರ ತರ್ಸೇಮ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಪಿಂಚಣಿಯಂತೆ ತಿಂಗಳು ತಿಂಗಳೂ ಮರುಕಳಿಸುವ ಅನ್ಯಾಯವಿದ್ದರೆ ತಡವಾಗಿ ಬಂದವರಿಗೂ ಪರಿಹಾರ ಕೊಡಬಹುದು, ಬಾಕಿಯನ್ನು ಮಾತ್ರ ಸಾಮಾನ್ಯವಾಗಿ ಅರ್ಜಿಗೆ ಹಿಂದಿನ ಮೂರು ವರ್ಷಕ್ಕೆ ಸೀಮಿತಗೊಳಿಸಬೇಕು ಎಂದಿತು. ಬಡ್ತಿ ಮತ್ತು ಜ್ಯೇಷ್ಠತೆಯಂತೆ ಇತರರ ಹಕ್ಕನ್ನು ತಟ್ಟುವ ವಿಷಯಗಳಿಗೆ ಈ ರಿಯಾಯಿತಿ ಇಲ್ಲವೆಂಬುದನ್ನೂ ಅದೇ ತೀರ್ಪು ಸ್ಪಷ್ಟಪಡಿಸಿತು. ಶ್ರೇಣಿ ಇಳಿಸಿದ ಆದೇಶ ಒಂದು ದಿನ ಹುಟ್ಟಿ ಅಂದೇ ಪೂರ್ಣಗೊಂಡ ಕೃತ್ಯ. ಅದರ ಫಲ ಪಿಂಚಣಿಯಲ್ಲಿ ಮುಂದುವರಿಯುತ್ತದೆ ಎಂದು ಹೇಳಿ ಮೂಲ ಆದೇಶವನ್ನು ಮುಟ್ಟದೆ ಪಿಂಚಣಿಯನ್ನಷ್ಟೇ ಕೇಳಿದರೆ, ಆದೇಶ ಊರ್ಜಿತದಲ್ಲಿ ಇರುವವರೆಗೆ ಪಿಂಚಣಿ ಸರಿಯಾಗಿಯೇ ಇದೆ ಎಂಬ ಉತ್ತರ ಬರುತ್ತದೆ. ಪದೇ ಪದೇ ಮನವಿ ಕಳುಹಿಸಿ, ಅದಕ್ಕೆ ಬಂದ ಉತ್ತರದ ದಿನದಿಂದ ಅವಧಿ ಎಣಿಸುವ ರೂಢಿಯೂ ಫಲ ಕೊಡುವುದಿಲ್ಲ, ಸತ್ತುಹೋದ ಹಕ್ಕನ್ನು ಹೊಸ ಮನವಿ ಬದುಕಿಸುವುದಿಲ್ಲವೆಂದು ಸುಪ್ರೀಂ ಕೋರ್ಟ್ ಹಲವು ಬಾರಿ ಹೇಳಿದೆ.

ನಮ್ಮನ್ನು ಈ ಅಡ್ಡಿಯಿಂದ ದಾಟಿಸಿದ್ದು ಹಿರಿಯರ ಟ್ರಂಕಿನಲ್ಲಿದ್ದ ಒಂದು ಅಂಚೆ ರಸೀದಿ. ಶಿಕ್ಷೆಯಾದ ಕೆಲವೇ ತಿಂಗಳಲ್ಲಿ, ಇನ್ನೂ ಸೇವೆಯಲ್ಲಿದ್ದಾಗಲೇ, ಸೇನಾ ಕಾಯ್ದೆಯ 164ನೇ ಕಲಮಿನ ಅಡಿಯಲ್ಲಿ ಅವರು ಶಾಸನಬದ್ಧ ಮನವಿಯೊಂದನ್ನು ಸಲ್ಲಿಸಿದ್ದರು. ಅದು ತಲುಪಿದ್ದಕ್ಕೆ ಸ್ವೀಕೃತಿ ಇತ್ತು, ವಿಲೇವಾರಿಯಾದ ದಾಖಲೆ ಎಲ್ಲಿಯೂ ಇರಲಿಲ್ಲ. ಆ ಮನವಿಗೆ ಅವರು ಹೆಚ್ಚು ಬೆಲೆ ಕೊಟ್ಟಿರಲಿಲ್ಲ. ರಾಷ್ಟ್ರಪತಿ ಭವನದಿಂದ ಬಂದ, ಮುಂದಿನ ಕ್ರಮಕ್ಕೆ ಕಳುಹಿಸಲಾಗಿದೆ ಎಂಬ ಒಂದು ಸಾಲಿನ ಪತ್ರವನ್ನು ಪ್ಲಾಸ್ಟಿಕ್ ಹಾಳೆಯೊಳಗೆ ಜೋಪಾನವಾಗಿ ಇಟ್ಟಿದ್ದರು. ಕಾನೂನಿನ ದೃಷ್ಟಿಯಲ್ಲಿ ಆ ಪತ್ರಕ್ಕಿಲ್ಲದ ತೂಕ ಈ ರಸೀದಿಗಿತ್ತು, ಏಕೆಂದರೆ ಕಾಯ್ದೆಯೇ ಅವಕಾಶ ಕೊಟ್ಟ ಮನವಿಯನ್ನು ಅವರು ಆಗಲೇ ಸಲ್ಲಿಸಿದ್ದರು, ಅದು ತೀರ್ಮಾನವಾಗದೆ ಉಳಿದಿತ್ತು ಎಂಬುದಕ್ಕೆ ಅದು ಸಾಕ್ಷಿ.

ಇನ್ನು ಪ್ರಶ್ನಿಸಬೇಕಾದುದೇನು ಎಂಬ ವಿಷಯ. ಶಿಕ್ಷೆ ಅತಿಯಾಯಿತು ಎಂಬ ವಾದಕ್ಕೆ 1987ರ ರಂಜಿತ್ ಠಾಕೂರ್ ತೀರ್ಪಿನ ಬಲವಿದೆ. ಅಪರಾಧಕ್ಕೂ ಶಿಕ್ಷೆಗೂ ತಾಳಮೇಳವಿರಬೇಕು, ಕೋರ್ಟ್ ಮಾರ್ಷಲ್‌ನಲ್ಲಿಯೂ ನಿರ್ಣಯಿಸುವವರು ಪಕ್ಷಪಾತದ ಸಂಶಯಕ್ಕೆ ಹೊರತಾಗಿರಬೇಕು ಎಂಬುದು ಅದರ ತಿರುಳು. ಆದರೆ ನ್ಯಾಯಾಲಯಗಳು ಶಿಸ್ತಿನ ವಿಷಯದಲ್ಲಿ ಸೇನೆಯ ನಿರ್ಧಾರಕ್ಕೆ ಸಾಕಷ್ಟು ಮನ್ನಣೆ ಕೊಡುವುದರಿಂದ ಅದೊಂದನ್ನೇ ನೆಚ್ಚಿಕೊಳ್ಳಲಾಗದು. ನಾನು ಹೆಚ್ಚು ಸಮಯ ಕಳೆದದ್ದು ವಿಚಾರಣೆಯ ಕಡತದ ಮೇಲೆ. ಸಮರಿ ಕೋರ್ಟ್ ಮಾರ್ಷಲ್‌ನಲ್ಲಿ ಕಮಾಂಡಿಂಗ್ ಅಧಿಕಾರಿಯೊಬ್ಬರೇ ನ್ಯಾಯಾಲಯ. ಅದರ ತೀರ್ಪಿಗೆ ಮೇಲಧಿಕಾರಿಯ ದೃಢೀಕರಣವೂ ಬೇಕಿಲ್ಲ. ತುರ್ತಾಗಿ ಕ್ರಮ ಕೈಗೊಳ್ಳಲೇಬೇಕಾದ ಸಂದರ್ಭಕ್ಕೆ ಮೀಸಲಾದ ಅಸಾಧಾರಣ ಅಧಿಕಾರವಿದು ಎಂದು ಸುಪ್ರೀಂ ಕೋರ್ಟ್ 2016ರಲ್ಲಿ ಒತ್ತಿ ಹೇಳಿದೆ. ಇಷ್ಟು ದೊಡ್ಡ ಅಧಿಕಾರ ಒಬ್ಬರ ಕೈಯಲ್ಲಿರುವಾಗ 1954ರ ಸೇನಾ ನಿಯಮಗಳು ಆರೋಪಿಗೆ ಕೊಡುವ ರಕ್ಷಣೆಗಳೇ ಅವನಿಗಿರುವ ಆಸರೆ. ತಪ್ಪೊಪ್ಪಿಗೆ ದಾಖಲಿಸುವ ಮುನ್ನ ಆರೋಪದ ಅರ್ಥವನ್ನೂ ಒಪ್ಪಿಗೆಯ ಪರಿಣಾಮವನ್ನೂ ಆರೋಪಿಗೆ ವಿವರಿಸಬೇಕೆಂದು 115ನೇ ನಿಯಮ ಹೇಳುತ್ತದೆ. ಅವನ ಹೇಳಿಕೆಯಿಂದಾಗಲಿ ಸಾಕ್ಷ್ಯಗಳ ಸಾರಾಂಶದಿಂದಾಗಲಿ ಒಪ್ಪಿಗೆಯ ಪರಿಣಾಮ ಅವನಿಗೆ ಅರ್ಥವಾಗಿಲ್ಲವೆಂದು ಕಂಡುಬಂದರೆ, ಆ ಒಪ್ಪಿಗೆಯನ್ನು ಬದಲಿಸಿ ತಪ್ಪೊಪ್ಪಿಲ್ಲ ಎಂದು ದಾಖಲಿಸಬೇಕೆಂದು 116ನೇ ನಿಯಮ ವಿಧಿಸುತ್ತದೆ.

ವಿಚಾರಣೆಗೆ ಮುನ್ನ ಆರೋಪಿಗೆ ಕೊಡುವ ಸಾಕ್ಷ್ಯ ಸಾರಾಂಶದ ಪ್ರತಿಯೂ ಅದೇ ಟ್ರಂಕಿನಲ್ಲಿತ್ತು. ಅದರಲ್ಲಿ ಹಿರಿಯರ ಹೇಳಿಕೆ ಹಿಂದಿಯಲ್ಲಿ ದಾಖಲಾಗಿತ್ತು: ತಾಯಿ ಆಸ್ಪತ್ರೆಯಲ್ಲಿದ್ದರು, ರಜೆ ವಿಸ್ತರಿಸುವಂತೆ ಘಟಕಕ್ಕೆ ತಂತಿ ಕಳುಹಿಸಿದ್ದೆ, ಉತ್ತರ ಬರಲಿಲ್ಲ. ಸಕಾರಣವಿಲ್ಲದೆ ರಜೆ ಮೀರುವುದು ಮಾತ್ರ 39ನೇ ಕಲಮಿನಡಿ ಅಪರಾಧ. ಕಾರಣವಿತ್ತೆಂದು ಒಂದು ಕಾಗದದಲ್ಲಿ ಹೇಳಿದ ವ್ಯಕ್ತಿ, ಕಾರಣವಿರಲಿಲ್ಲವೆಂದು ಇನ್ನೊಂದು ಕಾಗದದಲ್ಲಿ ಒಪ್ಪಿಕೊಂಡಂತಾಗಿತ್ತು. ಆ ದಿನ ಏನಾಯಿತೆಂದು ನಾನು ಕೇಳಿದಾಗ, ಒಪ್ಪಿಕೊಂಡರೆ ಬೇಗ ಮುಗಿಯುತ್ತದೆ ಎಂದು ಸುತ್ತಲಿದ್ದವರು ಹೇಳಿದರೆಂದೂ ಹಾಗೆಯೇ ಮಾಡಿದೆನೆಂದೂ ಅವರು ತಿಳಿಸಿದರು. ಆ ಮಾತನ್ನು ಸಾಬೀತು ಮಾಡುವ ಮಾರ್ಗವಿರಲಿಲ್ಲ, ಆದ್ದರಿಂದ ಅರ್ಜಿಯಲ್ಲಿ ಅದನ್ನು ಸೇರಿಸಲಿಲ್ಲ. ಎರಡು ಕಾಗದಗಳ ನಡುವಿನ ವಿರೋಧವೇ ಸಾಕಷ್ಟು ಮಾತನಾಡುತ್ತಿತ್ತು. ಪದಕಗಳಿಗೂ ಸಿಯಾಚಿನ್‌ಗೂ ಅರ್ಜಿಯಲ್ಲಿ ಕೊನೆಗೆ ಒಂದು ಪ್ಯಾರಾ ಉಳಿಯಿತು. ಶಿಕ್ಷೆಯ ಪ್ರಮಾಣವನ್ನು ಅಳೆಯುವಾಗ ಹಿಂದಿನ ಸೇವೆಯನ್ನು ಗಮನಿಸಬೇಕೆಂಬ ಜಾಗದಲ್ಲಿ ಅವುಗಳನ್ನು ಇಟ್ಟಾಗ, ಹಿರಿಯರು ಮೊದಲು ಬೇಸರಪಟ್ಟರೂ ಓದಿಸಿ ಕೇಳಿದ ಮೇಲೆ ಒಪ್ಪಿದರು.

ನ್ಯಾಯಾಲಯ ಶಿಕ್ಷೆಯನ್ನು ತಾನೇ ರದ್ದುಪಡಿಸಲಿಲ್ಲ. ವಿಲೇವಾರಿಯಾಗದೆ ಉಳಿದ ಶಾಸನಬದ್ಧ ಮನವಿಯನ್ನು ಕಾರಣಸಹಿತ ಆದೇಶದ ಮೂಲಕ ತೀರ್ಮಾನಿಸಬೇಕೆಂದು ಗಡುವು ವಿಧಿಸಿತು. ಕಾನೂನುಬಾಹಿರ ಅಥವಾ ಅನ್ಯಾಯದ ವಿಚಾರಣೆಯನ್ನು ರದ್ದುಗೊಳಿಸುವ ಅಧಿಕಾರವನ್ನು ಕಾಯ್ದೆಯ 165ನೇ ಕಲಂ ಕೇಂದ್ರ ಸರ್ಕಾರಕ್ಕೂ ಸೇನಾ ಮುಖ್ಯಸ್ಥರಿಗೂ ನಿಗದಿತ ಅಧಿಕಾರಿಗಳಿಗೂ ಕೊಟ್ಟಿದೆ. ಆ ಅಧಿಕಾರವನ್ನು ಬಳಸಿದ ಸೇನಾ ಪ್ರಾಧಿಕಾರ ತಪ್ಪೊಪ್ಪಿಗೆಯ ದೋಷವನ್ನೇ ಕಾರಣವಾಗಿ ಬರೆದು ವಿಚಾರಣೆಯನ್ನು ರದ್ದುಗೊಳಿಸಿತು. ಹಿರಿಯರಿಗೆ ಕಾಲ್ಪನಿಕವಾಗಿ, ಅಂದರೆ ದಾಖಲೆ ಮತ್ತು ಪಿಂಚಣಿ ಲೆಕ್ಕದ ಮಟ್ಟಿಗೆ, ಹವಾಲ್ದಾರ್ ಶ್ರೇಣಿ ಮರಳಿತು. ಮನೆಗೆ ಬೇಗ ಬಂದದ್ದರಿಂದ ಕೈತಪ್ಪಿದ ಸೇವಾವರ್ಷಗಳು ಮರಳಲಿಲ್ಲ, ಬಾಕಿ ಮೂರು ವರ್ಷಕ್ಕೆ ಸೀಮಿತವಾಯಿತು.

ಆದೇಶ ಕೈಸೇರಿದ ಮೇಲೆ ಕೆಲಸ ಅಲ್ಲಿಗೇ ನಿಲ್ಲುವುದಿಲ್ಲ ಎಂಬುದನ್ನು ಈ ಕ್ಷೇತ್ರಕ್ಕೆ ಹೊಸದಾಗಿ ಬರುವ ಕಿರಿಯ ವಕೀಲರಿಗೆ ನಾನು ವಿಶೇಷವಾಗಿ ಹೇಳುತ್ತೇನೆ. ರೆಕಾರ್ಡ್ ಆಫೀಸು ಹೊಸ ಪಾರ್ಟ್ ಟೂ ಆರ್ಡರ್, ಅಂದರೆ ಸೈನಿಕನ ಸೇವಾ ದಾಖಲೆಯಲ್ಲಿ ಬದಲಾವಣೆಯನ್ನು ನಮೂದಿಸುವ ಆದೇಶ, ಹೊರಡಿಸಬೇಕು, ಅದರ ಆಧಾರದಲ್ಲಿ ಪ್ರಯಾಗರಾಜ್‌ನ ರಕ್ಷಣಾ ಲೆಕ್ಕಗಳ ಪಿಂಚಣಿ ಕಚೇರಿಯಿಂದ ತಿದ್ದುಪಡಿಯಾದ ಪಿಂಚಣಿ ಪಾವತಿ ಆದೇಶ ಬರಬೇಕು, ರಕ್ಷಣಾ ಪಿಂಚಣಿಯ ಆನ್‌ಲೈನ್ ವ್ಯವಸ್ಥೆಯಾದ ಸ್ಪರ್ಶ್‌ನಲ್ಲಿ ಶ್ರೇಣಿಯ ನಮೂದು ಬದಲಾಗಬೇಕು, ಮಾಜಿ ಸೈನಿಕರ ಗುರುತಿನ ಚೀಟಿಯನ್ನು ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಲ್ಲಿ ಹೊಸದಾಗಿ ಮಾಡಿಸಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಪತ್ನಿಯ ಕುಟುಂಬ ಪಿಂಚಣಿಯ ಹೊತ್ತಿಗೆ ಹಳೆಯ ಶ್ರೇಣಿಯೇ ಮತ್ತೆ ತಲೆಯೆತ್ತುತ್ತದೆ. ಹಾಗಾಗಿ ತಿದ್ದುಪಡಿಯಾದ ಪಾವತಿ ಆದೇಶದಲ್ಲಿ ಶ್ರೇಣಿ, ಸೇವಾವಧಿ, ಪತ್ನಿಯ ಹೆಸರು ಮೂರನ್ನೂ ಸಾಲು ಸಾಲಾಗಿ ಓದಿ ತಾಳೆ ನೋಡಿದ ನಂತರವೇ ನಾವು ಆ ಕಡತವನ್ನು ಮುಚ್ಚಿದೆವು.