ಸ್ಟೀರಾಯ್ಡ್ ಹನಿ ಹಾಕ್ಕೊಂಡ್ರ ಕಣ್ಣು ಹೋಗತೈತೇನ್ರಿ?

ಮೋತಿಬಿಂದು ಆಪರೇಷನ್ ಮುಗಿದು ಔಷಧದ ಚೀಟಿ ಕೈಗೆ ಬಂದ ಕೂಡಲೇ ವಿಜಯಪುರ, ಬಾಗಲಕೋಟೆ ಕಡೆಯ ಮಂದಿ ಕೇಳುವ ಪ್ರಶ್ನೆ ಇದು. ವಿಚಿತ್ರವೆಂದರೆ, ಬ್ಯಾಸಗಿಯಲ್ಲಿ ಮನೆಯ ಹುಡುಗ ಕಣ್ಣು ತಿಕ್ಕಿಕೊಳ್ಳತೊಡಗಿದರೆ ಅದೇ ಜಾತಿಯ ಬಾಟಲಿಯನ್ನು ಅಂಗಡಿಯಿಂದ ತಂದು, ಯಾರನ್ನೂ ಕೇಳದೆ ತಿಂಗಳುಗಟ್ಟಲೆ ಹಾಕುವವರೂ ಇವರೇ. ಭಯ ಬೇಕಾದಲ್ಲಿ ಇಲ್ಲ, ಬೇಡದಲ್ಲಿ ಇದೆ. ವಾರ ಎಣಿಸಿ, ಕಣ್ಣಿನ ಒತ್ತಡ ನೋಡಿಸಿಕೊಂಡು ಹಾಕಿದರೆ ಕಣ್ಣಿಗೆ ಧಕ್ಕೆಯಾಗುವುದು ಅಪರೂಪ. ಲೆಕ್ಕವಿಲ್ಲದೆ ಹಾಕಿದರೆ ದೃಷ್ಟಿ ಹೋಗಬಹುದು, ಒತ್ತಡ ಏರಿ ಕಣ್ಣಿನ ನರ ಹಾಳಾಗುವ ಕಾಚಬಿಂದುವಿನಿಂದ (ಗ್ಲಾಕೋಮಾ) ಹೋದದ್ದು ಮರಳಿ ಬರುವುದಿಲ್ಲ.

ಸ್ಟೀರಾಯ್ಡ್ ನಮ್ಮ ದೇಹಕ್ಕೆ ಹೊಸದಲ್ಲ. ಮೂತ್ರಪಿಂಡದ ಮೇಲಿನ ಅಡ್ರಿನಲ್ ಗ್ರಂಥಿ ದಿನಾಲೂ ಕಾರ್ಟಿಸಾಲ್ ಎಂಬ ಸ್ಟೀರಾಯ್ಡ್ ಹೊರಬಿಡುತ್ತದೆ, ಬೆಳಗ್ಗೆ ಹೆಚ್ಚು. ಅದನ್ನು ಹಿಡಿಯುವ ಗ್ಲುಕೊಕಾರ್ಟಿಕಾಯ್ಡ್ ರಿಸೆಪ್ಟರ್ ಎಂಬ ಪ್ರೋಟೀನ್ ಕಾರ್ನಿಯಾ (ಕಣ್ಣಿನ ಮುಂದಿನ ಪಾರದರ್ಶಕ ಪದರ), ಐರಿಸ್ (ಬಣ್ಣದ ಪರದೆ), ಲೆನ್ಸಿನ ಹೊರಪದರ, ರೆಟಿನಾ (ಹಿಂದಿನ ಬೆಳಕು ಹಿಡಿಯುವ ಪರದೆ) ಇವೆಲ್ಲದರ ಜೀವಕೋಶಗಳೊಳಗಿದೆ. ಹನಿಯ ಸ್ಟೀರಾಯ್ಡ್ ಅದಕ್ಕೆ ಅಂಟಿಕೊಂಡೊಡನೆ ರಿಸೆಪ್ಟರ್ ಕೋಶದ ನ್ಯೂಕ್ಲಿಯಸ್ಸಿಗೆ (ಕೇಂದ್ರಕ್ಕೆ) ಹೋಗಿ ಕೆಲವು ಜೀನ್‌ಗಳನ್ನು ಚಾಲೂ ಮಾಡುತ್ತದೆ, ಕೆಲವನ್ನು ಬಂದ್ ಮಾಡುತ್ತದೆ. ಬಾವು ತರುವ ಜೀನ್‌ಗಳು ಬಂದ್ ಆಗಲಿ ಎಂದೇ ನಾವು ಹನಿ ಕೊಡುವುದು. ಇದಕ್ಕೆ ತಾಸುಗಟ್ಟಲೆ ಸಮಯ ಬೇಕು. ಐದು ನಿಮಿಷಕ್ಕೆ ಕೆಂಪು ಇಳಿಯಲಿಲ್ಲವೆಂದು ಮತ್ತೆ ಮತ್ತೆ ಹಾಕಿದರೆ ಉಪಯೋಗವಿಲ್ಲ.

ಅದೇ ರಿಸೆಪ್ಟರ್ ಕಣ್ಣಿನ ಬಸಿಗಾಲುವೆಯಲ್ಲೂ ಇರುವುದೇ ಫಜೀತಿ. ಕಣ್ಣೊಳಗೆ ನಿಮಿಷಕ್ಕೆ 2ರಿಂದ 3 ಮೈಕ್ರೋಲೀಟರ್ ನೀರು ಹುಟ್ಟುತ್ತದೆ. ಅದರಲ್ಲಿ ಹೆಚ್ಚಿನದು ಕಾರ್ನಿಯಾ–ಐರಿಸ್ ಕೂಡುವ ಮೂಲೆಯ ಟ್ರಾಬೆಕ್ಯುಲರ್ ಜಾಲರಿಯ ಮೂಲಕ ಹೊರಹೋಗುತ್ತದೆ. ವಾರಗಟ್ಟಲೆ ಸ್ಟೀರಾಯ್ಡ್ ಬಿದ್ದರೆ ಜಾಲರಿಯ ಕೋಶಗಳು ಫೈಬ್ರೊನೆಕ್ಟಿನ್, ಕೊಲಾಜೆನ್ ಎಂಬ ಪ್ರೋಟೀನ್‌ಗಳನ್ನು ಹೆಚ್ಚು ತಯಾರಿಸುತ್ತವೆ, ಕಸ ನುಂಗುವ ಕೆಲಸ ಕಡಿಮೆ ಮಾಡುತ್ತವೆ, ಒಳಗಿನ ಆಕ್ಟಿನ್ ಎಳೆಗಳು ಹೆಣೆದುಕೊಂಡು ಬಿಗಿಯುತ್ತವೆ. ತೂಬಿಗೆ ಹೂಳು ಕೂತಂತೆಯೇ. ಸಾಮಾನ್ಯವಾಗಿ 10–21 ಮಿ.ಮೀ. ಪಾದರಸ ಇರುವ ಒತ್ತಡ ಮೇಲೇರುತ್ತದೆ. ಕಣ್ಣಿನ ವೈದ್ಯರಾದ ಬೆಕರ್ ಮತ್ತು ಆರ್ಮಲಿ 1960ರ ದಶಕದಲ್ಲಿ ತೋರಿಸಿದಂತೆ, 4–6 ವಾರ ತೀಕ್ಷ್ಣ ಸ್ಟೀರಾಯ್ಡ್ ಹಾಕಿದಾಗ ನೂರರಲ್ಲಿ ಸುಮಾರು 5 ಮಂದಿಗೆ ಒತ್ತಡ ಮೊದಲಿಗಿಂತ 15 ಮಿ.ಮೀ.ಗೂ ಹೆಚ್ಚು ಏರುತ್ತದೆ, ಮೂರರಲ್ಲಿ ಒಂದು ಪಾಲಿಗೆ 6–15ರಷ್ಟು. ಆ ಐವರು ಯಾರು? ಮೊದಲೇ ಗ್ಲಾಕೋಮಾ ಇದ್ದವರು, ತಂದೆ–ತಾಯಿ, ಒಡಹುಟ್ಟಿದವರಿಗೆ ಇದ್ದವರು, ಮಕ್ಕಳು, ಹೆಚ್ಚಿನ ಮೈನಸ್ ನಂಬರಿನವರು, ಸಕ್ಕರೆ ಕಾಯಿಲೆಯವರು ಮೊದಲ ಸಾಲಿನಲ್ಲಿದ್ದಾರೆ. ಈ ರಿಸೆಪ್ಟರಿಗೆ ಬೀಟಾ ಎಂಬ ಇನ್ನೊಂದು ರೂಪವಿದೆ, ಅದು ಮುಖ್ಯ ರೂಪದ ಕೆಲಸಕ್ಕೆ ಅಡ್ಡ ನಿಲ್ಲುತ್ತದೆ. ಗ್ಲಾಕೋಮಾ ಇದ್ದವರ ಜಾಲರಿಯಲ್ಲಿ ಅದು ಕಡಿಮೆ ಕಂಡುಬಂದಿದೆ, ಅಂದರೆ ಸ್ಟೀರಾಯ್ಡಿಗೆ ಅಡ್ಡಿ ಕಡಿಮೆ. ಒತ್ತಡ ಏರಿದರೂ ನೋವಿಲ್ಲ, ಕೆಂಪಿಲ್ಲ, ಆದ್ದರಿಂದ ಒತ್ತಡ ಅಳೆಯದೆ ಗೊತ್ತಾಗುವುದಿಲ್ಲ.

ಬಹುಕಾಲ ಹಾಕಿದರೆ ಲೆನ್ಸಿನ ಹಿಂಬದಿಯಲ್ಲಿ ಮೋತಿಬಿಂದು ಕೂಡುತ್ತದೆ: ಬಿಸಿಲಲ್ಲಿ ಕಣ್ಣು ಕುಕ್ಕುತ್ತದೆ, ಓದುವುದು ಕಷ್ಟ. ಸ್ಟೀರಾಯ್ಡ್ ಗುಳಿಗೆಯಿಂದಲೂ ಹೀಗಾಗುತ್ತದೆ. ಇದನ್ನಾದರೂ ಆಪರೇಷನ್ ಸರಿಪಡಿಸುತ್ತದೆ.

ನಮ್ಮ ಭಾಗದ ನಿಜವಾದ ಗಂಡಾಂತರ ಬೇರೆ. ಕಬ್ಬಿನ ರವದಿ ಕಣ್ಣಿಗೆ ಬಡಿದಾಗ, ಜ್ವಾಳ ರಾಶಿ ಮಾಡುವಾಗ ಕಸ ಬಿದ್ದಾಗ ಕಾರ್ನಿಯಾ ಗೀಚಿ ಶಿಲೀಂಧ್ರ ಸೇರಿಕೊಳ್ಳುತ್ತದೆ. ಆಗ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಬೆರೆತ ಹನಿ ಹಾಕಿದರೆ ನೋವು ಒಂದೆರಡು ದಿನ ಇಳಿಯುತ್ತದೆ, ರೋಗನಿರೋಧ ಮಲಗಿರುವುದರಿಂದ ಹುಣ್ಣು ಮಾತ್ರ ಆಳಕ್ಕಿಳಿಯುತ್ತದೆ. ಹರ್ಪಿಸ್ ಎಂಬ ವೈರಸ್ಸಿನ ಹುಣ್ಣಿಗೂ ಇದೇ ಗತಿ. ಹೊಲದಲ್ಲಿ ಪೆಟ್ಟು ಬಿದ್ದ ಕಣ್ಣಿಗೆ ಡಾಕ್ಟರ್ ನೋಡುವ ತನಕ ಸ್ಟೀರಾಯ್ಡ್ ಮುಟ್ಟಲೇಬಾರದು.

ಹಾಕುವ ಬಗೆ. ಪ್ರೆಡ್ನಿಸೋಲೋನ್ ಅಸಿಟೇಟ್ 1% ಎಂಬ ಸ್ಟೀರಾಯ್ಡ್ ಹನಿ ತಳಕ್ಕೆ ಕೂರುವ ಔಷಧ; ಚೆನ್ನಾಗಿ ಅಲುಗಾಡಿಸದಿದ್ದರೆ ಮೊದಲ ವಾರ ಬರೀ ನೀರು ಬೀಳುತ್ತದೆ. ಕೆಳರೆಪ್ಪೆ ಎಳೆದು ಒಂದೇ ಹನಿ ಬಿಡಿ. ಹನಿಯೊಂದು 40 ಮೈಕ್ರೋಲೀಟರ್ ಆಸುಪಾಸು, ಕಣ್ಣಲ್ಲಿ ನಿಲ್ಲುವುದು ಸುಮಾರು 30. ಎರಡನೆಯದು ಗಲ್ಲಕ್ಕೆ ಇಳಿಯುತ್ತದೆ. ಕಣ್ಣು ಮುಚ್ಚಿ ಮೂಗಿನ ಬದಿಯ ಮೂಲೆಯನ್ನು 2 ನಿಮಿಷ ಒತ್ತಿ. ಇನ್ನೊಂದು ಔಷಧವಿದ್ದರೆ 5 ನಿಮಿಷ ಬಿಡಿ. ಆಪರೇಷನ್ ನಂತರ ದಿನಕ್ಕೆ 6 ಸಲದಿಂದ ಶುರುಮಾಡಿ ವಾರಕ್ಕೊಂದರಂತೆ ಇಳಿಸುವ ಪದ್ಧತಿ ಬಹಳ ಕಡೆ ಇದೆ. ಕಣ್ಣು ಬೆಳ್ಳಗಾಯಿತೆಂದು ನಡುವೆ ಬಿಟ್ಟರೆ ಬಾವು ಹೊಳ್ಳಿ ಬರುತ್ತದೆ. ತೆರೆದ ಬಾಟಲಿ ತಿಂಗಳಾದರೆ ಚೆಲ್ಲಿ, ಮುಂದಿನ ವರ್ಷಕ್ಕೆ ಇಡಬೇಡಿ.

ತುರಿಕೆಯ ಹುಡುಗರಿಗೆ ಸ್ಟೀರಾಯ್ಡ್ ಬೇಕಾದರೂ ಕೆಲವೇ ದಿನ. ಆಮೇಲೆ ಸ್ಟೀರಾಯ್ಡ್ ಅಲ್ಲದ ಓಲೋಪಟಡೀನ್, ಹಟ ಹಿಡಿದ ತುರಿಕೆಗೆ ಸೈಕ್ಲೋಸ್ಪೋರಿನ್ ಅಥವಾ ಟ್ಯಾಕ್ರೊಲಿಮಸ್ ಇವೆ, ಇವು ಒತ್ತಡ ಏರಿಸುವುದಿಲ್ಲ. ಫ್ಲೋರೊಮೆಥೊಲೋನ್, ಲೋಟೆಪ್ರೆಡ್ನಾಲ್ ಎಂಬ ಸ್ಟೀರಾಯ್ಡ್‌ಗಳು ಒತ್ತಡವನ್ನು ಕಡಿಮೆ ಏರಿಸುತ್ತವೆ, ಏರಿಸುವುದೇ ಇಲ್ಲ ಎಂದಲ್ಲ.

ಎರಡು ವಾರ ದಾಟಿದ ಯಾವ ಸ್ಟೀರಾಯ್ಡ್ ಹನಿಗೂ ಒತ್ತಡ ನೋಡಿಸಿ. ರೆಪ್ಪೆಗೆ ಹಚ್ಚುವ ಮುಲಾಮು, ದಮ್ಮಿನ ಪಂಪು, ಮೊಣಕಾಲಿನ ಇಂಜೆಕ್ಷನ್ ಇವುಗಳಲ್ಲೂ ಸ್ಟೀರಾಯ್ಡ್ ಇರಬಹುದು, ಇದ್ದರೆ ಅದನ್ನೂ ಹೇಳಿ. ಹನಿ ನಿಲ್ಲಿಸಿದ ಮೇಲೆ ಒತ್ತಡ ಸಾಮಾನ್ಯವಾಗಿ 2–4 ವಾರದಲ್ಲಿ ಇಳಿಯುತ್ತದೆ. ಅಲ್ಲಿಯವರೆಗೆ ಒತ್ತಡ ಇಳಿಸುವ ಟಿಮೊಲಾಲ್‌ನಂಥ ಹನಿ ಬೇಕಾಗಬಹುದು. ದಮ್ಮು ಇದ್ದವರಿಗೆ ಅದು ಕೂಡದು, ಆದ್ದರಿಂದ ದಮ್ಮಿನ ವಿಷಯ ಚೀಟಿ ಬರೆಯುವ ಮೊದಲೇ ಡಾಕ್ಟರ್ ಕಿವಿಗೆ ಹಾಕಿ.