ಕೆಂಪಿ ಜೊತೆ ಸಕಲೇಶಪುರದ ಗುಡ್ಡ: ಹೊರಡುವ ಮುಂಚೆ ಗೊತ್ತಿರಬೇಕಾದ್ದು

ಟೈಪ್ ಒನ್ ಡಯಾಬಿಟಿಸ್ ಇರುವವರು ಬೆನ್ನಿಗೆ ಬ್ಯಾಗು ಏರಿಸಿಕೊಂಡು ಗುಡ್ಡ ಸುತ್ತಬಹುದಾ ಅಂತ ಕೇಳುವವರು ಬಹಳ ಜನ. ಧಾರಾಳವಾಗಿ ಸುತ್ತಬಹುದು. ಸಕ್ಕರೆ ಇಳಿದಾಗ ಎಚ್ಚರಿಸುವ ತರಬೇತಿ ಪಡೆದ ನಾಯಿ ಜೊತೆಗಿದ್ದರೆ ಇನ್ನಷ್ಟು ಧೈರ್ಯ. ಆದರೆ ಇಂಥ ನಾಯಿಯನ್ನು ಚಳಿಗಾಲದಲ್ಲಿ ಮಲೆನಾಡಿಗೆ ಕರೆದೊಯ್ಯುವ ತಯಾರಿಯೇ ಬೇರೆ. ಸಾಕಿದ ನಾಯಿಯನ್ನು ಟ್ರಿಪ್ಪಿಗೆ ಕರೆದೊಯ್ದವರ ಸಲಹೆ ಇಲ್ಲಿ ಅರ್ಧ ಮಾತ್ರ ಉಪಯೋಗಕ್ಕೆ ಬರುತ್ತದೆ.

ಯಾಕೆ ಅಂದರೆ, ನನ್ನ ಲ್ಯಾಬ್ರಡಾರ್ ಕೆಂಪಿಯ ನಿಜವಾದ ಡ್ಯೂಟಿ ಶುರುವಾಗುವುದು ರಾತ್ರಿ. ಹಗಲೆಲ್ಲ ಹತ್ತಿಳಿದ ಮೈಯ ಸ್ನಾಯುಗಳು ನಿದ್ದೆಯಲ್ಲೂ ರಕ್ತದಿಂದ ಸಕ್ಕರೆ ಎಳೆದುಕೊಳ್ಳುತ್ತಲೇ ಇರುತ್ತವೆ. ನಡೆದ ದಿನದ ರಾತ್ರಿ ಕಳೆದು ಬರುವ ಬೆಳಗಿನ ಜಾವವೇ ‘ಲೋ’ ಆಗುವ, ಅಂದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯುವ ಭಯ ಹೆಚ್ಚು. ಸಕ್ಕರೆ ಇಳಿದಾಗ ಉಸಿರಿನ ವಾಸನೆ ಬದಲಾಗುತ್ತದೆ. ಐಸೊಪ್ರೀನ್ ಎಂಬ ಅಂಶ ಹೆಚ್ಚಾಗುತ್ತದೆ ಎಂದು ಸಂಶೋಧಕರು ಕಂಡುಕೊಂಡಿದ್ದಾರೆ. ಕೆಂಪಿ ಹಿಡಿಯುವುದು ಅದನ್ನೋ, ಅದರ ಜೊತೆಗಿನ ಇನ್ನೇನನ್ನೋ, ಅಂತೂ ಹಿಡಿಯುತ್ತಾಳೆ. ಮೊದಲು ಮುಂಗಾಲಿನಿಂದ ತೋಳು ಕೆರೆಯುತ್ತಾಳೆ, ಏಳದಿದ್ದರೆ ಹೊದಿಕೆ ಎಳೆಯುತ್ತಾಳೆ. ಆದರೆ ಏದುಸಿರು ಬಿಡುವ ನಾಯಿ ಸರಿಯಾಗಿ ಮೂಸಲಾರದು, ಸುಸ್ತಾಗಿ ಬಿದ್ದ ನಾಯಿ ಮೂಸುವ ಗೋಜಿಗೇ ಹೋಗುವುದಿಲ್ಲ. ಹಾಗಾಗಿ ದಾರಿ, ದೂರ, ಊಟ, ಮಲಗುವ ಜಾಗ ಎಲ್ಲವನ್ನೂ ನಾನು ಒಂದೇ ಪ್ರಶ್ನೆಯಿಂದ ಅಳೆಯುತ್ತೇನೆ: ರಾತ್ರಿ ಎರಡು ಗಂಟೆಗೆ ಅವಳ ಮೂಗು ಕೆಲಸ ಮಾಡುತ್ತಾ?

ಮೊದಲು ಎಲ್ಲಿಗೆ ಹೋಗಬಾರದು ಅನ್ನುವುದನ್ನು ಹೇಳುತ್ತೇನೆ. ಕುದುರೆಮುಖ ರಾಷ್ಟ್ರೀಯ ಉದ್ಯಾನ, ಭದ್ರಾ ಹುಲಿ ಮೀಸಲು ಪ್ರದೇಶ ಎರಡನ್ನೂ ಪಟ್ಟಿಯಿಂದ ತೆಗೆದುಬಿಡಿ. ಅಲ್ಲಿಗೆ ನಾಯಿ ಬಿಡುವುದಿಲ್ಲ, ಬಿಡಬಾರದು ಕೂಡ. 2018ರಲ್ಲಿ ಗುಜರಾತಿನ ಗಿರ್ ಕಾಡಿನಲ್ಲಿ ಸಿಂಹಗಳು ಡಿಸ್ಟೆಂಪರ್ ವೈರಸ್‌ನಿಂದ ಸತ್ತದ್ದು ನೆನಪಿರಬಹುದು. ನಾಯಿಗಳಲ್ಲಿ ಸಾಮಾನ್ಯವಾಗಿ ಹರಡುವ ಕಾಯಿಲೆ ಅದು. ನಮ್ಮ ಕಾಡಿನ ಸೀಳುನಾಯಿಗಳಿಗೂ ಅದೇ ಅಪಾಯ. ‘ಇದು ಸರ್ವಿಸ್ ನಾಯಿ’ ಅಂತ ಗೇಟಿನಲ್ಲಿ ವಾದಕ್ಕೆ ನಿಲ್ಲುವವರ ಪರ ನಾನಿಲ್ಲ.

ಚಳಿಗಾಲದ ವಾರಾಂತ್ಯದಲ್ಲಿ ಮುಳ್ಳಯ್ಯನಗಿರಿಗೆ ಹೋಗಿ ಅಂತಲೂ ನಾನು ಯಾರಿಗೂ ಹೇಳುವುದಿಲ್ಲ. 1,930 ಮೀಟರ್ ಎತ್ತರದ, ರಾಜ್ಯದ ಅತಿ ಎತ್ತರದ ಶಿಖರ ಅಂದ ಮೇಲೆ ಜನ ಬರದೇ ಇರುತ್ತಾರಾ? ಕೈಮರ ಚೆಕ್‌ಪೋಸ್ಟಿನಿಂದಲೇ ವಾಹನದ ಸಾಲು, ಹಾರ್ನು, ಮೆಟ್ಟಿಲ ತುಂಬ ಸೆಲ್ಫಿ, ನಾಯಿ ಕಂಡರೆ ಬಿಸ್ಕತ್ತು ಎಸೆಯುವ ಕೈಗಳು. ಡಿಸೆಂಬರಿನ ದತ್ತ ಜಯಂತಿ ಹೊತ್ತಿಗೆ ಗಿರಿ ಭಾಗಕ್ಕೆ ಕೆಲವು ದಿನ ಪ್ರವಾಸಿಗರನ್ನೇ ಬಿಡುವುದಿಲ್ಲ. ಹೋಗಲೇಬೇಕಾದರೆ ಜನವರಿಯ ಮಂಗಳವಾರವೋ ಬುಧವಾರವೋ ಬೆಳಿಗ್ಗೆಯೇ ಹೋಗಿ.

ನಮಗೆ ಒಗ್ಗಿದ್ದು ಸಕಲೇಶಪುರದ ಹಾನುಬಾಳು ಕಡೆ. ಅಲ್ಲಿಂದ ದೇವಾಲದಕೆರೆ, ಮೇಕನಗದ್ದೆ ದಿಕ್ಕಿಗೆ ಕಾಫಿ ತೋಟದ ಮಣ್ಣುರಸ್ತೆಗಳು, ಮೇಲೆ ಬೆಟ್ಟದ ಭೈರವೇಶ್ವರ, ಅದರ ಸುತ್ತ ಹುಲ್ಲಿನ ಗುಡ್ಡಗಳು. ಕಡಿದಾದ ಏರು ಕಡಿಮೆ, ಒಂದೆರಡು ಗಂಟೆಗೊಂದು ಮನೆ ಸಿಗುತ್ತದೆ. ಸಕ್ಕರೆ ಕೈಕೊಟ್ಟರೆ ಸಹಾಯ ಕೇಳಲು ಯಾರಾದರೂ ಸಿಗುತ್ತಾರೆ. ಯಾವ ಗುಡ್ಡಕ್ಕೆ ಅನುಮತಿ ಬೇಕು, ಯಾವುದು ಮೀಸಲು ಅರಣ್ಯ ಅನ್ನುವುದು ಆಗಾಗ ಬದಲಾಗುವುದರಿಂದ ವಲಯ ಅರಣ್ಯಾಧಿಕಾರಿ ಕಚೇರಿಗೆ ಫೋನು ಮಾಡಿ, ‘ನಾಯಿ ಇದೆ’ ಅಂತ ಮೊದಲ ವಾಕ್ಯದಲ್ಲೇ ಹೇಳಿ. ಅರಣ್ಯದೊಳಗೆ ಟೆಂಟ್ ಹಾಕುವ ಆಸೆ ಬಿಡಿ. ನಮ್ಮಲ್ಲಿ ಬ್ಯಾಕ್‌ಪ್ಯಾಕಿಂಗ್ ಅಂದರೆ ಹಗಲು ನಡಿಗೆ, ರಾತ್ರಿ ಹೋಂಸ್ಟೇ. ಹೆಚ್ಚೆಂದರೆ ಅವರದ್ದೇ ತೋಟದ ಅಂಗಳದಲ್ಲಿ ಟೆಂಟು.

ಹೋಂಸ್ಟೇ ವಿಷಯದಲ್ಲಿ ಸ್ವಲ್ಪ ಮೊಂಡುತನ ಬೇಕು. ‘ನಾಯಿ ತರಬಹುದಾ’ ಅಂತ ಕೇಳಿದರೆ ‘ಓಹೋ, ಬನ್ನಿ ಬನ್ನಿ’ ಅನ್ನುತ್ತಾರೆ. ಹೋದ ಮೇಲೆ ಹಿತ್ತಲಿನ ಗೂಡು ತೋರಿಸುತ್ತಾರೆ. ಮಲೆನಾಡಿನ ಮನೆಯಲ್ಲಿ ನಾಯಿ ಜಗಲಿ ದಾಟುವುದಿಲ್ಲ, ಅದು ಅವರ ಪದ್ಧತಿ, ತಪ್ಪೇನಿಲ್ಲ. ಆದ್ದರಿಂದ ಪ್ರಶ್ನೆಯನ್ನೇ ಬದಲಿಸಿ: ‘ನನಗೆ ಶುಗರ್ ಇದೆ. ರಾತ್ರಿ ಶುಗರ್ ಇಳಿದರೆ ಈ ನಾಯಿ ನನ್ನನ್ನು ಎಬ್ಬಿಸಬೇಕು. ನನ್ನ ಮಂಚದ ಪಕ್ಕ ಮಲಗಬೇಕು. ಆಗುತ್ತದಾ?’ ಹೀಗೆ ಕೇಳಿದಾಗ ಆಗಲ್ಲ ಅಂದವರು ಫೋನಿನಲ್ಲೇ ಆಗಲ್ಲ ಅಂದರು, ಆಗುತ್ತೆ ಅಂದವರು ಅಡುಗೆಮನೆ ಒಂದು ಬಿಟ್ಟು ಮಿಕ್ಕೆಲ್ಲ ಬಾಗಿಲು ತೆರೆದರು. ಇನ್ನೊಂದು ಕಾರಣಕ್ಕೂ ನಾಯಿ ಒಳಗೇ ಇರಬೇಕು. ಚಿರತೆಗೆ ನಾಯಿ ಅಂದರೆ ಸುಲಭದ ಊಟ, ಕಟ್ಟಿಹಾಕಿದ ನಾಯಿಯಂತೂ ಇನ್ನೂ ಸುಲಭ.

ಕಾಗದಪತ್ರದ ಬಗ್ಗೆ ಜನಕ್ಕೆ ಭ್ರಮೆ ಇದೆ. ಸರ್ವಿಸ್ ನಾಯಿ ಅಂತ ಸರ್ಕಾರ ಕೊಡುವ ಪ್ರಮಾಣಪತ್ರ ನಮ್ಮಲ್ಲಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಡಯಾಬಿಟಿಸ್ ಬರುವುದಿಲ್ಲ. ಹಾಗಾಗಿ ‘ನನ್ನ ಹಕ್ಕು’ ಅಂತ ಮೇಜು ಕುಟ್ಟಲು ಕೈಯಲ್ಲಿ ಏನೂ ಇಲ್ಲ. ವೈದ್ಯರ ಪತ್ರ, ತರಬೇತುದಾರರ ಪತ್ರ, ರೇಬಿಸ್ ಸೇರಿ ಎಲ್ಲ ಲಸಿಕೆಯ ಪುಸ್ತಕ ಒಂದು ಪ್ಲಾಸ್ಟಿಕ್ ಕವರಿನಲ್ಲಿರಲಿ. ಎಲ್ಲಕ್ಕಿಂತ ಕೆಲಸ ಮಾಡುವುದು ಕೆಂಪಿಯ ಮೈಮೇಲಿನ ಅಂಗಿ: ‘ನಾನು ಕೆಲಸದಲ್ಲಿದ್ದೇನೆ, ಮುಟ್ಟಬೇಡಿ’ ಅಂತ ಕನ್ನಡದಲ್ಲಿ ದಪ್ಪಗೆ ಹೊಲಿಸಿದ್ದೇನೆ. ಇಂಗ್ಲಿಷಿನಲ್ಲಿ ಬರೆದದ್ದನ್ನು ಹಾನುಬಾಳಿನ ಬಸ್‌ಸ್ಟ್ಯಾಂಡಿನಲ್ಲಿ ಯಾರೂ ಓದಲಿಲ್ಲ.

ರೈಲು ನಮಗಾಗದು. ಫಸ್ಟ್ ಏಸಿ ಕೂಪೆ ಸಿಗದಿದ್ದರೆ ನಾಯಿಯನ್ನು ಗಾರ್ಡ್ ವ್ಯಾನಿನ ಪೆಟ್ಟಿಗೆಗೆ ಹಾಕಬೇಕು, ಅಲ್ಲಿರುವ ಕೆಂಪಿ ಇಲ್ಲಿ ಕೂತ ನನ್ನನ್ನು ಹೇಗೆ ಮೂಸುತ್ತಾಳೆ? ಕೆಂಪು ಬಸ್ಸಿನಲ್ಲಿ ಟಿಕೆಟ್ ಪಡೆದು ಹತ್ತಿಸಬಹುದು, ಕಂಡಕ್ಟರ್ ಜೊತೆ ಮೊದಲೇ ಮಾತಾಡಿ. ಹಾಸನದಿಂದ ಸಕಲೇಶಪುರ 40 ಕಿಲೋಮೀಟರ್ ಆಸುಪಾಸು. ಅಲ್ಲಿಂದ ಮುಂದಕ್ಕೆ ಜೀಪನ್ನೋ ಆಟೋವನ್ನೋ ಹಿಡಿದರೆ ನೆಮ್ಮದಿ.

ಈಗ ಆನೆ ವಿಷಯ. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ತೋಟಗಳಲ್ಲಿ ಆನೆಗಳು ವರ್ಷವಿಡೀ ಓಡಾಡುತ್ತವೆ. ಆನೆ ಕಂಡ ನಾಯಿ ಮಾಡುವುದು ಒಂದೇ: ಬೊಗಳುತ್ತ ಮುಂದೆ ನುಗ್ಗುತ್ತದೆ, ಆನೆ ತಿರುಗಿಬಿದ್ದ ಕೂಡಲೇ ಓಡಿಬಂದು ಯಜಮಾನನ ಕಾಲಡಿ ಅಡಗುತ್ತದೆ. ಹಿಂದೆಯೇ ಆನೆ. ಹಾಗಾಗಿ ಹಗ್ಗ ಯಾವತ್ತೂ ಬಿಚ್ಚಬೇಡಿ, ಎಷ್ಟೇ ಮಾತು ಕೇಳುವ ನಾಯಿಯಾಗಲಿ. ಆನೆ ಕಾರ್ಯಪಡೆಯವರು ಕಳಿಸುವ ಸಂದೇಶ ಊರಿನವರ ಮೊಬೈಲಿಗೆ ಬರುತ್ತದೆ. ಬೆಳಗಿನ ಕಾಫಿ ಜೊತೆ ‘ಇವತ್ತು ಎಲ್ಲಿದ್ದಾವೆ’ ಅಂತ ಕೇಳಿಯೇ ಹೊರಡಿ. ತೋಟದ ಕೆಲಸ ನೋಡಿಕೊಳ್ಳುವ ರೈಟರ್ ‘ಆ ಕಡೆ ಬೇಡ’ ಅಂದರೆ ಬೇಡ, ಅಷ್ಟೇ. ಬಿಸಿಲು ಚೆನ್ನಾಗಿ ಏರುವ ಮುಂಚೆ ಮತ್ತು ಸಂಜೆ ಐದರ ನಂತರ ತೋಟದ ದಾರಿಯಲ್ಲಿ ಇರಬೇಡಿ.

ಆನೆಗಿಂತ ದಿನನಿತ್ಯದ ತಲೆನೋವು ಅಂದರೆ ತೋಟದ ಕೆಲಸಗಾರರ ಲೈನ್ ಮನೆಗಳ ನಾಯಿಗಳು. ಪ್ರತಿ ಗೇಟಿನಲ್ಲೂ ಒಂದು ಪಟಾಲಂ. ದೂರದಿಂದಲೇ ‘ನಾಯಿ ಹಿಡ್ಕೊಳ್ರೀ’ ಅಂತ ಕೂಗಿ, ಯಾರಾದರೂ ಬರುವವರೆಗೆ ನಿಲ್ಲಿ. ಬರದಿದ್ದರೆ ಕೊಡೆಯನ್ನು ಅವುಗಳ ಕಡೆ ಫಟ್ಟನೆ ಬಿಚ್ಚಿ. ಚಳಿಗಾಲದಲ್ಲಿ ಕೊಡೆ ಯಾಕೆ ಅಂತ ನಗುವವರಿಗೆ ಇದೇ ಉತ್ತರ.

ಬೇಲಿಯಂಚಿನ ಉರುಳುಗಳು ಮಾತ್ರ ನಗುವ ವಿಷಯವಲ್ಲ. ಕಾಡುಹಂದಿಗೆ ಅಂತ ಬೈಕಿನ ಕ್ಲಚ್ ವೈರಿನಲ್ಲಿ ಮಾಡಿ ಇಟ್ಟಿರುತ್ತಾರೆ. ಕಾನೂನುಬಾಹಿರ, ಆದರೂ ಇಡುತ್ತಾರೆ. ಕೆಲವು ಕಡೆ ಮಾಂಸದ ಉಂಡೆಯೊಳಗೆ ಸಿಡಿಮದ್ದೂ ಇರುತ್ತದೆ. ವೈರು ಕತ್ತರಿಸುವಂಥ ಗಟ್ಟಿ ಕಟಿಂಗ್ ಪ್ಲೇಯರ್ ಬ್ಯಾಗಿನ ಹೊರಜೇಬಿನಲ್ಲಿರಲಿ. ದಾರಿಯಲ್ಲಿ ಬಿದ್ದದ್ದನ್ನು ಬಾಯಿಗೆ ಹಾಕದಂತೆ ತರಬೇತಿ ಆಗಿರದ ನಾಯಿಯನ್ನು ಇಲ್ಲಿಗೆ ತರಲೇಬೇಡಿ.

ಬಾಯಿಗೆ ಹಾಕುವ ಮಾತು ಬಂದದ್ದರಿಂದ ಕಾಫಿ ಬಗ್ಗೆ. ಡಿಸೆಂಬರ್, ಜನವರಿ ಅಂದರೆ ಅರೇಬಿಕಾ ಕುಯ್ಲು, ಅದರ ಬೆನ್ನಿಗೇ ರೊಬಸ್ಟಾ. ಕೆಂಪಗೆ ಹಣ್ಣಾದ ಕಾಫಿ ಸಿಹಿ, ಗಿಡದ ಬುಡದಲ್ಲಿ ಉದುರಿರುತ್ತದೆ, ಲ್ಯಾಬ್ರಡಾರಿನ ಹೊಟ್ಟೆಯ ಬಗ್ಗೆ ನಾನು ಹೇಳಬೇಕಾಗಿಲ್ಲ. ಕೆಫೀನ್ ನಾಯಿಗೆ ವಿಷ. ಹಣ್ಣು, ಸಿಪ್ಪೆರಾಶಿ ಎರಡರಿಂದಲೂ ದೂರವಿಡಿ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯ ಕೆಳಗಿನ ಹಳ್ಳದ ನೀರು ಈ ತಿಂಗಳುಗಳಲ್ಲಿ ಕಂದು ಬಣ್ಣಕ್ಕೆ ತಿರುಗಿ ಹುಳಿ ನಾರುತ್ತಿರುತ್ತದೆ. ಒಂದು ಕಡೆ ಅದರ ದಡದಲ್ಲಿ ನಿಂತಿದ್ದಷ್ಟು ಹೊತ್ತೂ ಕೆಂಪಿ ತಲೆ ಕೊಡವಿ ಕೊಡವಿ ಮೂಗನ್ನು ಹುಲ್ಲಿಗೆ ಉಜ್ಜುತ್ತಿದ್ದಳು, ನನ್ನ ಕೈ ಮುಂದೆ ಹಿಡಿದರೂ ಮೂಸಲಿಲ್ಲ. ಅಂಥ ಜಾಗ ಬೇಗ ದಾಟಿ. ಕುಡಿಯುವ ನೀರು ನಾಯಿಗೂ ಮನೆಯಿಂದಲೇ ಹೊರಿ, ಹಳ್ಳದ ನೀರಿನಲ್ಲಿ ಇಲಿಜ್ವರದ ಭಯವೂ ಇದೆ. ಕಣದಲ್ಲಿ ಹರವಿದ ಕಾಫಿ ಮೇಲೆ ನಾಯಿ ಹೆಜ್ಜೆ ಇಟ್ಟರೆ ಯಜಮಾನರು ಮುಖ ಸಿಂಡರಿಸುತ್ತಾರೆ, ಸುತ್ತಿಕೊಂಡು ಹೋಗಿ.

ನಿಮ್ಮದೇ ಬ್ಯಾಗಿನಲ್ಲಿರುವ ಅಪಾಯ ಶುಗರ್‌ಲೆಸ್ ಚೂಯಿಂಗ್ ಗಮ್. ಅದರಲ್ಲಿ ಕ್ಸೈಲಿಟಾಲ್ ಇದ್ದರೆ ಸ್ವಲ್ಪವೇ ಸಾಕು, ನಾಯಿಯ ಸಕ್ಕರೆ ಪಾತಾಳಕ್ಕಿಳಿಯುತ್ತದೆ. ಡಯಾಬಿಟಿಸ್ ಇರುವವರ ಜೇಬಿನಲ್ಲೇ ಇದು ಹೆಚ್ಚು. ಮನೆಯಲ್ಲೇ ಬಿಟ್ಟು ಬನ್ನಿ.

ದಿನದ ಲಯ ಹೀಗಿರಲಿ. ರಾತ್ರಿ ಚಳಿ ಇದೆ, ಆದರೆ ಮೈ ಕೊರೆಯುವ ಹಿಮಾಲಯದ ಚಳಿಯಲ್ಲ. ತೊಂದರೆ ಕೊಡುವುದು ಇಬ್ಬನಿ. ಬೆಳಿಗ್ಗೆ ಸೊಂಟದೆತ್ತರದ ಹುಲ್ಲಿನಲ್ಲಿ ನಡೆದರೆ ನಾಯಿ ಹೊಟ್ಟೆಯವರೆಗೂ ತೊಯ್ದು ತೊಪ್ಪೆ, ಮೇಲೆ ಬೋಳುಗುಡ್ಡದ ಗಾಳಿಗೆ ನಡುಕ. ಒಂಬತ್ತರ ಮೇಲೆ ಹೊರಡಿ. ಹನ್ನೆರಡಕ್ಕೆ ಅದೇ ಗುಡ್ಡದಲ್ಲಿ ಒಂದು ನೆರಳೂ ಇರುವುದಿಲ್ಲ, ಬಿಸಿಲು ಚುರುಕು. ಆ ಹೊತ್ತಿಗೆ ಶೋಲಾ ಕಾಡಿನ ಅಂಚೋ ತೋಟದ ಸಿಲ್ವರ್ ಓಕ್ ನೆರಳೋ ಹಿಡಿದು ಒಂದೆರಡು ಗಂಟೆ ಮಲಗಿಸಿ. ದಿನಕ್ಕೆ ಎಂಟು ಹತ್ತು ಕಿಲೋಮೀಟರ್ ಸಾಕು. ನೀವು ಇಪ್ಪತ್ತು ನಡೆಯಬಲ್ಲಿರಿ, ಗೊತ್ತು. ನಾಯಿಯ ಬೆನ್ನಿಗೆ ಹೊರೆ ಕಟ್ಟುವವರಿದ್ದಾರೆ. ಮೂಗಿನಿಂದ ಕೆಲಸ ಮಾಡುವ ನಾಯಿಗೆ ನಾನು ಏನನ್ನೂ ಹೊರಿಸುವುದಿಲ್ಲ. ಅವಳ ಊಟ ಎಂದಿಗಿಂತ ಮೂರನೇ ಒಂದರಷ್ಟು ಹೆಚ್ಚು, ಅದರ ಹೆಚ್ಚಿನ ಪಾಲು ಸಂಜೆಗೆ.

ಗಾಳಿ ಬೀಸುವ ಬೋಳುಗುಡ್ಡದ ಮೇಲೆ ನಾಯಿಯನ್ನು ನಂಬಬೇಡಿ. ಮುಂದೆ ನಡೆಯುವ ಕೆಂಪಿಗೆ ಎದುರುಗಾಳಿಯಲ್ಲಿ ನನ್ನ ವಾಸನೆ ಸಿಗುವುದೇ ಇಲ್ಲ, ಅದಕ್ಕೇ ಅಲ್ಲಿ ಅವಳನ್ನು ಹಿಂದಕ್ಕೆ ತಂದುಕೊಂಡು ಗಂಟೆಗೊಮ್ಮೆ ಸಕ್ಕರೆ ಅಳೆಯುವ ಮೀಟರ್ ನೋಡುತ್ತೇನೆ. 70ಕ್ಕಿಂತ ಕೆಳಗಿದ್ದರೆ 15 ಗ್ರಾಂ ಗ್ಲೂಕೋಸ್, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷೆ. ಬಹಳಷ್ಟು ಮೀಟರುಗಳು 10 ಡಿಗ್ರಿಗಿಂತ ಕೆಳಗೆ ಕೆಲಸ ಮಾಡುವುದಿಲ್ಲ, ರಾತ್ರಿ ಅದನ್ನು ರಗ್ಗಿನೊಳಗೆ ಇಟ್ಟುಕೊಳ್ಳಿ. ಇನ್ಸುಲಿನ್ ಎಷ್ಟು ಕಡಿಮೆ ಮಾಡಬೇಕು ಅನ್ನುವುದನ್ನು ಹೊರಡುವ ಮುಂಚೆ ನಿಮ್ಮ ವೈದ್ಯರೊಂದಿಗೇ ಕೂತು ತೀರ್ಮಾನಿಸಿ. ಕಡುಬು, ಅಕ್ಕಿರೊಟ್ಟಿ ಬಡಿಸುವ ಮನೆಯಲ್ಲಿ ಲೆಕ್ಕ ತಪ್ಪುವುದು ಸುಲಭ.

ಉಣುಗಿಗೆ ಚಳಿಗಾಲ ಸುಗ್ಗಿ. ಮಂಗನ ಕಾಯಿಲೆ ಹರಡುವುದೂ ಇವುಗಳಿಂದಲೇ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಮೊದಲು ಕಂಡದ್ದು, ಚಿಕ್ಕಮಗಳೂರಿನ ಮಲೆನಾಡಿನಲ್ಲೂ ಬರುತ್ತಿರುತ್ತದೆ. ಹೊರಡುವ ವಾರದ ಮುಂಚೆಯೇ ಪಶುವೈದ್ಯರನ್ನು ಕೇಳಿ ನಾಯಿಗೆ ಉಣುಗಿನ ಮಾತ್ರೆ ಕೊಡಿಸಿ. ನಿಮ್ಮ ಕಾಲಿಗೆ ಉಣುಗು ಹತ್ತದಂತೆ ತಡೆಯುವ ಡೆಪಾ ಎಣ್ಣೆ ಹಚ್ಚಿಕೊಳ್ಳಿ, ಕೈಗೆ ಹಚ್ಚಬೇಡಿ. ನಾಯಿ ಮೂಸುವುದು ಕೈಯನ್ನು. ಸಂಜೆ ಬಿಸಿನೀರು ಕಾಯುವಷ್ಟರಲ್ಲಿ ಕಿವಿಯೊಳಗೆ, ಕಂಕುಳಲ್ಲಿ, ಬೆರಳ ಸಂದಿಯಲ್ಲಿ ಬೆರಳಾಡಿಸಿ ನೋಡಿ. ಒಣಹುಲ್ಲಿನ ಮುಳ್ಳುಬೀಜವೂ ಅಲ್ಲೇ ಚುಚ್ಚಿಕೊಳ್ಳುವುದು.

ನಾಯಿಗೆ ಏನಾದರೂ ಹೆಚ್ಚುಕಡಿಮೆಯಾದರೆ ತಾಲೂಕು ಪಶು ಆಸ್ಪತ್ರೆ, ಅಲ್ಲಿ ಆಗದಿದ್ದರೆ ಹಾಸನದ ಪಶುವೈದ್ಯಕೀಯ ಕಾಲೇಜು. ಸಂಚಾರಿ ಪಶು ಚಿಕಿತ್ಸೆಗೆ 1962, ನಿಮಗೆ 108. ಗುಡ್ಡದ ಸಂದಿಯಲ್ಲಿ ನೆಟ್‌ವರ್ಕ್ ಇರುವುದಿಲ್ಲ. ಎಲ್ಲಿ ಸಿಗ್ನಲ್ ಸಿಗುತ್ತದೆ ಅಂತ ಹೋಂಸ್ಟೇಯವರನ್ನು ಕೇಳಿ ಗುರುತು ಮಾಡಿಕೊಳ್ಳಿ. ಮನೆಗೆ ಬಂದ ಮೇಲೆ ಎರಡು ಮೂರು ವಾರದೊಳಗೆ ನಾಯಿ ಊಟ ಬಿಟ್ಟರೆ, ಮಂಕಾದರೆ, ಉಣುಗಿನ ಜ್ವರಕ್ಕೆ ರಕ್ತಪರೀಕ್ಷೆ ಮಾಡಿಸಿ. ನಿಮಗೆ ಜ್ವರ ಬಂದರೂ ಮಲೆನಾಡಿಗೆ ಹೋಗಿದ್ದನ್ನು ವೈದ್ಯರಿಗೆ ಮೊದಲೇ ಹೇಳಿ.