ಬೀಸುಕಲ್ಲು ಯಾವ ಕಾಲಮ್ಮಿನಾಗ ಬರೀಲಿ?

ಹಲಗಲಿ ಬೇಡರ ಬಗ್ಗೆ ಒಂದು ವಿಡಂಬನೆಯ ಕತೆ ಬರೆಯುತ್ತಿದ್ದೇನೆ. "ಅಷ್ಟು ಜನ ಸತ್ತಿದ್ದಾರೆ, ನಗೋದಕ್ಕೇನಿದೆ?" ಅಂತ ಬಾಗಲಕೋಟೆಯ ಗೆಳೆಯರೊಬ್ಬರು ಕೇಳಿದರು. ಕೇಳಬೇಕಾದ ಮಾತೇ.

1857ರಲ್ಲಿ ಕಂಪನಿ ಸರ್ಕಾರ ಜನರ ಆಯುಧ ಕಿತ್ತುಕೊಳ್ಳುವ ಕಾನೂನು ತಂದಿತು. ಮುಧೋಳ ಕಡೆಯ ಹಲಗಲಿಯ ಬೇಡರಿಗೆ ಬೇಟೆಯೇ ಬದುಕು. ಕೊಡಲ್ಲ ಅಂದರು. ನವೆಂಬರ್ ಕೊನೆಗೆ ದಂಡು ಬಂತು, ಊರು ಸುಟ್ಟಿತು. ಡಿಸೆಂಬರ್‌ನಲ್ಲಿ 19 ಜನರನ್ನು ಗಲ್ಲಿಗೇರಿಸಿದರು.

ಈ ಘಟನೆಯ ಮೇಲೆ ಕಟ್ಟಿದ ಲಾವಣಿಯನ್ನು ಶಾಲೆಯಲ್ಲಿ ಓದಿದ್ದೇವೆ ಅಲ್ವಾ? ಅದರ ವೀರರಾದ ಜಡಗ, ಬಾಲ, ಹನುಮ, ರಾಮ ನೆನಪಿರುತ್ತಾರೆ, ಆದರೆ ದಂಡು ಏನೇನು ಹೊತ್ತೊಯ್ದಿತು ಅನ್ನುವ ಸಾಲುಗಳನ್ನು ಓಡಿಸಿಕೊಂಡು ಓದಿಬಿಡುತ್ತೇವೆ. ಹಾಲು, ಮೊಸರು, ಬೆಣ್ಣೆ, ಉಪ್ಪು, ಅರಿಷಿಣ, ಜೀರಿಗೆ, ಗಂಗಾಳ, ಚರಗಿ, ಮಂಗಳಸೂತ್ರ, ಬೀಸುಕಲ್ಲು! ಆಯುಧಕ್ಕೆ ಅಂತ ಬಂದವರು ಬೀಸುಕಲ್ಲು ಎತ್ತಿಕೊಂಡು ಹೋದರು. ಲಾವಣಿಕಾರ ಅಲ್ಲಿ ಬೈಯುವುದಿಲ್ಲ, ಸುಮ್ನೆ ಒಂದೊಂದೇ ಎಣಿಸುತ್ತಾನೆ. ಇದಕ್ಕಿಂತ ಚೂಪಾದ ವಿಡಂಬನೆ ನಾನು ಓದಿಲ್ಲ. (ಈ ಲಾವಣಿಯನ್ನು ಸಂಗ್ರಹಿಸಿ ಅಚ್ಚು ಹಾಕಿಸಿದವರು ಜೆ.ಎಫ್. ಫ್ಲೀಟ್, ಬ್ರಿಟಿಷ್ ಅಧಿಕಾರಿ. ಆ ಋಣ ನಮ್ಮ ಮೇಲಿದೆ.)

ನನ್ನ ಕತೆಯಲ್ಲಿ ಒಬ್ಬ ಕಾರಕೂನ ಇದ್ದಾನೆ. ವಶಪಡಿಸಿಕೊಂಡ ಆಯುಧಗಳ ಪಟ್ಟಿ ಬರೆಯೋದು ಅವನ ಕೆಲಸ.

"ಸಾಹೇಬ್ರ, ಬೀಸುಕಲ್ಲು ಯಾವ ಕಾಲಮ್ಮಿನಾಗ ಬರೀಲಿ?"

ಭಾರ ಇದೆ, ಸದ್ದು ಮಾಡುತ್ತದೆ, ಫಿರಂಗಿಯ ಕಾಲಮ್ಮಿನಲ್ಲಿ ಬರಿ ಅನ್ನುತ್ತಾನೆ ಸಾಹೇಬ. ಅರಿಷಿಣ? ಗಾಯಕ್ಕೆ ಹಚ್ಚುತ್ತಾರೆ, ಅಂದರೆ ಯುದ್ಧದ ತಯಾರಿ. ಮಂಗಳಸೂತ್ರ ಬಂದಾಗ ಕಾರಕೂನನ ಕೈ ನಿಲ್ಲುತ್ತದೆ. ಸಾಹೇಬ "ಇತರೆ" ಅಂತ ಬರೆಸುತ್ತಾನೆ.

ಗೆಳೆಯರಿಗೆ ನಾನು ಹೇಳಿದ್ದು ಇಷ್ಟೇ: ಓದುವವರು ನಗಬೇಕಾದ್ದು ಆ ಪಟ್ಟಿಗೆ, ಅದನ್ನು ಬರೆಸಿದ ಸರ್ಕಾರಕ್ಕೆ. ಬೇಡರನ್ನು ಒಂದು ಸಾಲಿನಲ್ಲೂ ನಗೆಪಾಟಲು ಮಾಡಲ್ಲ. ಕಾಡಿನ ಜನ ಅಂದ್ರೆ ವಿಚಿತ್ರ ವೇಷ ಹಾಕಿ ಕುಣಿಸೋದನ್ನು ನೋಡಿ ನೋಡಿ ಸಾಕಾಗಿದೆ, ಅದೇ ತಪ್ಪು ನನ್ನ ಪೆನ್ನಿನಿಂದ ಆಗಬಾರದು.

1857ಕ್ಕೇ ಕತೆ ನಿಲ್ಲಿಸಲು ಮನಸ್ಸಿಲ್ಲ. 1871ರಲ್ಲಿ ಇಡೀ ಸಮುದಾಯಗಳನ್ನೇ ಹುಟ್ಟಿನಿಂದ ಅಪರಾಧಿಗಳು ಅಂತ ದಾಖಲಿಸುವ ಕಾನೂನು ಬಂತು, ರದ್ದಾಗಿದ್ದು 1952ರಲ್ಲಿ. ನಮ್ಮ ವಿಜಯಪುರದಲ್ಲೂ ಅಂಥವರನ್ನು ಕೂಡಿಟ್ಟ ಸೆಟ್ಲ್‌ಮೆಂಟ್ ಇತ್ತು. ಹಾಗಾಗಿ ಕಾರಕೂನನ ಮೊಮ್ಮಗನ ಕೈಗೂ ಒಂದು ರಿಜಿಸ್ಟರ್ ಕೊಟ್ಟಿದ್ದೇನೆ. ಈ ಸಲ ಅದರಲ್ಲಿ ಸಾಮಾನು ಬರೆಯುವುದಿಲ್ಲ, ಮನುಷ್ಯರನ್ನೇ ಬರೆಯುತ್ತಾರೆ. ಆ ಭಾಗ ಇನ್ನೂ ಕೈಗೆ ಬರುತ್ತಿಲ್ಲ. ಸೆಟ್ಲ್‌ಮೆಂಟಿನ ದಿನಗಳ ಬಗ್ಗೆ ನಿಮ್ಮ ಮನೆಯ ಹಿರಿಯರು ಏನಾದರೂ ಹೇಳಿದ್ದರೆ ದಯವಿಟ್ಟು ಬರೆದು ತಿಳಿಸಿ.